ಮೂರನೇ ಕ್ಲಾಸಿನ ಮಗುವಿನ ಓದು: ಸರ್ಕಾರ ಬಂದು ನೋಡಬೇಕಾ?

ಪ್ರಶ್ನೆ ಇಷ್ಟೇ. ಮೂರನೇ ಕ್ಲಾಸು ಮುಗಿಯುವ ಹೊತ್ತಿಗೆ ಮಗುವಿಗೆ ಓದಲು ಬರುತ್ತದಾ ಅಂತ ಇಲಾಖೆ ಹೊರಗಿನವರನ್ನು ಕಳಿಸಿ, ಒಬ್ಬೊಬ್ಬರನ್ನೇ ಕೂರಿಸಿ ನೋಡಬೇಕಾ? ಇಲ್ಲ, ಕಲಿಸುವ ಮೇಷ್ಟ್ರಿಗೇ ಬಿಟ್ಟುಬಿಡಬೇಕಾ? ಮೈಸೂರು, ಮಂಡ್ಯದ ಶಾಲೆಗಳ ಸ್ಟಾಫ್ ರೂಮಿನಲ್ಲಿ ಎರಡೂ ವಾದ ಕೇಳಿಬರುತ್ತದೆ. ಎರಡನ್ನೂ ಪೂರ್ತಿ ಬರೆದಿದ್ದೇನೆ.

ಪರ: ನೋಡಲೇಬೇಕು, ಅದೂ ಒಬ್ಬೊಬ್ಬರನ್ನೇ

ಮಂಡ್ಯ ಕಡೆಯ ಯಾವುದಾದರೂ ಹಳ್ಳಿ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನ ನೋಟ್‌ಬುಕ್ ತೆಗೆಸಿ ನೋಡಿ. ಅಕ್ಷರ ದುಂಡಗೆ, ಸಾಲು ನೇರ, ಪುಟದ ಕೆಳಗೆ ಕೆಂಪು ಇಂಕಿನ ಸಹಿ. ಈಗ ಅದೇ ಮಗುವಿಗೆ, ನೀನೇ ಬರೆದದ್ದನ್ನು ಓದಪ್ಪಾ ಅನ್ನಿ. ಕೆಲವರು ಓದುತ್ತಾರೆ. ಕೆಲವರು ಸುಮ್ನೆ ನಿಮ್ಮ ಮುಖ ನೋಡುತ್ತಾರೆ. ಬೋರ್ಡಿನ ಮೇಲಿದ್ದದ್ದನ್ನು ರಂಗೋಲಿಯ ಹಾಗೆ ಇಳಿಸಿಕೊಂಡಿದ್ದಾರೆ, ಅಷ್ಟೇ. ಇನ್ನೂ ಕೆಲವರು ಪದ್ಯ ಪೂರ್ತಿ ಗಡಗಡ ಹೇಳುತ್ತಾರೆ, ಬೆರಳು ಮಾತ್ರ ಬೇರೆ ಸಾಲಿನ ಮೇಲಿರುತ್ತದೆ. ನಡುವಿನ ಒಂದು ಪದದ ಮೇಲೆ ಕೈಯಿಟ್ಟು ಇದೇನು ಅಂದರೆ, ಮೊದಲ ಸಾಲಿನಿಂದ ಹೇಳಿಕೊಂಡು ಬಂದರೇ ಗೊತ್ತಾಗುವುದು.

ಈ ಮಕ್ಕಳು ಯಾವ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ. ಚಿಕ್ಕ ಕ್ಲಾಸುಗಳಲ್ಲಿ ಎಷ್ಟೋ ಸಲ ಪ್ರಶ್ನೆಯನ್ನು ಮೇಷ್ಟ್ರೇ ಓದಿ ಹೇಳುತ್ತಾರೆ. ತಿದ್ದುವವರೂ ಅವರೇ, ಗ್ರೇಡನ್ನು ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ಗೆ ಏರಿಸುವವರೂ ಅವರೇ. ಮೇಷ್ಟ್ರು ಸುಳ್ಳುಗಾರರು ಅಂತ ನಾನು ಹೇಳುತ್ತಿಲ್ಲ. ಆದರೆ ತನ್ನ ಕ್ಲಾಸಿನ ಅರ್ಧ ಮಕ್ಕಳಿಗೆ ಓದಲು ಬರುವುದಿಲ್ಲ ಅಂತ ತಾನೇ ಬರೆದುಕೊಟ್ಟು ಮೀಟಿಂಗಿನಲ್ಲಿ ಬೈಸಿಕೊಳ್ಳಲು ಯಾರು ತಯಾರಿದ್ದಾರೆ ಹೇಳಿ?

‘ಪ್ರಥಮ್’ ಸಂಸ್ಥೆ ಹಳ್ಳಿಗಳಲ್ಲಿ ಮಕ್ಕಳ ಕಲಿಕೆ ನೋಡಿ ಕೊಡುವ ‘ಅಸರ್’ ವರದಿಯ 2024ರ ಲೆಕ್ಕದ ಪ್ರಕಾರ, ದೇಶದ ಗ್ರಾಮೀಣ ಭಾಗದ ಸರ್ಕಾರಿ ಶಾಲೆಗಳ ಮೂರನೇ ಕ್ಲಾಸಿನ ಮಕ್ಕಳಲ್ಲಿ ಎರಡನೇ ಕ್ಲಾಸಿನ ಪಠ್ಯ ಓದಬಲ್ಲವರು ಶೇ 23.4. ನಾಲ್ವರಲ್ಲಿ ಒಬ್ಬರೂ ಪೂರ್ತಿ ಇಲ್ಲ. ಈ ಲೆಕ್ಕ ಸಿಕ್ಕಿದ್ದು ಹೇಗೆ? ಹೊರಗಿನವರು ಮನೆಗೇ ಹೋಗಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಷರ, ಪದ, ಪ್ಯಾರಾ, ಕಥೆ ಅಂತ ಒಂದೊಂದೇ ತೋರಿಸಿ ಓದಿಸಿದ್ದರಿಂದ. ಆದರೆ ಅದು ಕೆಲವು ಊರು, ಕೆಲವು ಮನೆ ಆರಿಸಿಕೊಂಡು ಮಾಡುವ ಸಮೀಕ್ಷೆ. ಅದರಿಂದ ಜಿಲ್ಲೆಯ ಹಣೆಬರಹ ತಿಳಿಯಬಹುದು, ನಿಮ್ಮ ಮಗಳದ್ದು ತಿಳಿಯುವುದಿಲ್ಲ.

ಮೂರನೇ ಕ್ಲಾಸೇ ಯಾಕೆ ಅಂದರೆ, ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರರವರೆಗೆ ಕಾರ್ಡು ಹಿಡಿದು ಆಡುತ್ತಾ ಕಲಿಸುವ ನಲಿ-ಕಲಿ ಮುಗಿಯುವುದು ಅಲ್ಲಿಗೆ. ನಾಲ್ಕಕ್ಕೆ ಬಂದ ಮೇಲೆ ಪರಿಸರ ಪಾಠವೂ ಓದು, ಗಣಿತದ ಲೆಕ್ಕವೂ ಓದು. ಗುಣಿತಾಕ್ಷರ ದಾಟಿ ಒತ್ತಕ್ಷರದಲ್ಲಿ ಸಿಕ್ಕಿಕೊಂಡ ಮಗು ‘ಅಕ್ಕ’ ಓದುತ್ತದೆ, ‘ವಸ್ತ್ರ’ ಬಂದರೆ ನಿಂತುಬಿಡುತ್ತದೆ. ವಾಪಸ್ ಹೋಗಿ ಕಲಿಸುವ ಪುರಸೊತ್ತು ಆಮೇಲೆ ಯಾರಿಗೂ ಇರುವುದಿಲ್ಲ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಪುಣ್ ಭಾರತ್ ಶುರು ಮಾಡಿ, 2026-27ರ ಹೊತ್ತಿಗೆ ಮೂರನೇ ಕ್ಲಾಸಿನ ಎಲ್ಲ ಮಕ್ಕಳಿಗೂ ಓದು, ಬರಹ, ಲೆಕ್ಕ ಬರಬೇಕು ಅಂತ ಗುರಿ ಇಟ್ಟಿತು. ಗುರಿ ಮುಟ್ಟಬೇಕಾದವರೇ ‘ಮುಟ್ಟಿದೆವು’ ಅಂತ ಬರೆದುಕೊಟ್ಟರೆ ಆಯಿತಾ? ಅಮೆರಿಕದ ಮಿಸಿಸಿಪ್ಪಿ ರಾಜ್ಯ 2013ರಲ್ಲಿ ಕಾನೂನು ಮಾಡಿ ಒಂದನೇ ಕ್ಲಾಸಿಗೂ ಮೊದಲಿಂದಲೇ ಓದಿನ ತಪಾಸಣೆ ತಂದಿತು. ನಾಲ್ಕನೇ ಕ್ಲಾಸಿನ ಓದಿನಲ್ಲಿ ಆ ವರ್ಷ 49ನೇ ಸ್ಥಾನದಲ್ಲಿದ್ದ ರಾಜ್ಯ 2024ರಲ್ಲಿ 9ನೇ ಸ್ಥಾನಕ್ಕೆ ಬಂತು. ಬಡ ರಾಜ್ಯ ಅದು, ನೆನಪಿರಲಿ.

ಇನ್ನೊಂದು ಮಾತು. ಮೈಸೂರಿನ ಇಂಗ್ಲಿಷ್ ಮೀಡಿಯಂ ಶಾಲೆಗಳನ್ನು ಯಾಕೆ ಬಿಡಬೇಕು? ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸಬೇಕು ಅಂತ 2015ರ ಕಾನೂನೇ ಇದೆ. ಕಲಿಸಿದ್ದಾರಾ ಅಂತ ನೋಡಬೇಕಾದರೆ ಮಗುವಿನ ಕೈಗೆ ಒಂದು ಪುಟ ಕೊಡಬೇಕು. ಬಸ್ಸಿನ ಬೋರ್ಡು ಓದಲು ತಡವರಿಸುವ ಹೈಸ್ಕೂಲ್ ಮಕ್ಕಳು ಕುವೆಂಪುನಗರದಲ್ಲೂ ಇದ್ದಾರೆ.

ಇದಕ್ಕೆ ಪಾಸು-ಫೇಲು ಬೇಡ. ಹತ್ತು ನಿಮಿಷ, ಒಂದು ಹಾಳೆ, ಎದುರಿಗೆ ಬೇರೆ ಶಾಲೆಯ ಒಬ್ಬ ಟೀಚರ್ ಅಥವಾ ಮೈಸೂರಿನ ವಸಂತ ಮಹಲಿನ ಡಯಟ್‌ನಲ್ಲಿ (ಶಿಕ್ಷಕರ ತರಬೇತಿ ಸಂಸ್ಥೆ) ಕಲಿಯುತ್ತಿರುವ ಹುಡುಗಿ. ಫಲಿತಾಂಶ ಮೊದಲು ಅಪ್ಪ-ಅಮ್ಮನ ಕೈಗೆ ಹೋಗಲಿ.

ವಿರೋಧ: ಅಳೆದದ್ದು ಸಾಕು

ನಲಿ-ಕಲಿ ಹುಟ್ಟಿದ್ದು ನಮ್ಮ ಹೆಗ್ಗಡದೇವನಕೋಟೆಯಲ್ಲೇ, 1995ರಲ್ಲಿ. ಯುನಿಸೆಫ್ ನೆರವಿತ್ತು. ಮೇಷ್ಟ್ರುಗಳು ಆಂಧ್ರದ ಋಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಅ ಆ ಇ ಈ ಅಂತ ಶುರು ಮಾಡದೆ ರ, ಗ, ಸ, ದ, ಅ ಅಂತ ಶುರು ಮಾಡಿದರು. ಐದೇ ಅಕ್ಷರಕ್ಕೆ ಮಗು ‘ಸರ’, ‘ಅರಸ’, ‘ಗರಗಸ’ ಓದುತ್ತದೆ. ಓದಿದ ಖುಷಿಗೇ ಮುಂದಿನ ಕಾರ್ಡು ಎತ್ತಿಕೊಳ್ಳುತ್ತದೆ. ಯಾವ ಮಗು ಯಾವ ಮೆಟ್ಟಿಲಲ್ಲಿದೆ, ಯಾವ ತಟ್ಟೆಯಲ್ಲಿ, ಅಂದರೆ ಯಾವ ಗುಂಪಿನಲ್ಲಿ, ಕೂರಬೇಕು ಅನ್ನುವುದು ಟೀಚರ್‌ಗೆ ದಿನಾ ಗೊತ್ತಾಗುತ್ತದೆ. ಯಾರು ಎಲ್ಲಿಗೆ ಬಂದರು ಅಂತ ತೋರಿಸುವ ಪ್ರಗತಿ ನೋಟ ಗೋಡೆಯ ಮೇಲೆ ಇರುತ್ತದೆ. ಅದು ಪರೀಕ್ಷೆ ಅಲ್ವಾ?

2009-10ರಲ್ಲಿ ಅದನ್ನು ರಾಜ್ಯಕ್ಕೆಲ್ಲ ಹರಡಿದರು. ಒಳ್ಳೆಯದೇ. ಆದರೆ ಕಾರ್ಡು ಮೇಲಿಂದ ಅಚ್ಚಾಗಿ ಬರತೊಡಗಿತು, ಜೊತೆಗೆ ತುಂಬಬೇಕಾದ ನಮೂನೆಗಳೂ ಬಂದವು. ಮೇಲುಸ್ತುವಾರಿ ಅಂದರೆ ನಮ್ಮಲ್ಲಿ ಅದೇ ಅರ್ಥ. ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ ಬರುತ್ತಾರೆ, ಅಂಕಿಅಂಶ ಕೇಳುತ್ತಾರೆ, ಫೋಟೋ ತೆಗೆದು ಗ್ರೂಪಿಗೆ ಹಾಕುತ್ತಾರೆ, ಮುಂದಿನ ಶಾಲೆಗೆ ಗಾಡಿ ಹತ್ತುತ್ತಾರೆ. ಅವರದ್ದೂ ತಪ್ಪಲ್ಲ, ಸಂಜೆಯೊಳಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಲೆಕ್ಕ ಹೋಗಬೇಕು.

ಪರ ವಾದಿಸುವವರು ಮಿಸಿಸಿಪ್ಪಿ ಅನ್ನುತ್ತಾರೆ. ಅಲ್ಲಿ ಹಿಂದುಳಿದ ಶಾಲೆಗಳಿಗೆ ಓದು ಕಲಿಸುವುದರಲ್ಲಿ ಪಳಗಿದವರನ್ನು ಕಳಿಸಿದರು. ಅವರು ಟೀಚರ್ ಪಕ್ಕದಲ್ಲೇ ನಿಂತು ಕೆಲಸ ಮಾಡಿದರು. ಜೊತೆಗೆ ಓದಲು ಬಾರದವರನ್ನು ಮೂರನೇ ಕ್ಲಾಸಿನಲ್ಲೇ ಉಳಿಸಿಕೊಂಡರು. ನಾಲ್ಕನೇ ಕ್ಲಾಸಿನ ಫಲಿತಾಂಶ ಏರಿದ್ದರಲ್ಲಿ ಅದರ ಪಾಲೆಷ್ಟು ಅಂತ ಅಲ್ಲಿನವರೇ ಜಗಳ ಆಡುತ್ತಿದ್ದಾರೆ. ನಮ್ಮವರು ತಪಾಸಣೆಯನ್ನಷ್ಟೇ ಎತ್ತಿಕೊಂಡು ಬರುತ್ತಾರೆ.

ಇಂಗ್ಲೆಂಡಿನ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ 2012ರಿಂದ ಆರು ವರ್ಷದ ಮಕ್ಕಳಿಗೆ 40 ಪದ ಓದಿಸುವ ಸರ್ಕಾರಿ ತಪಾಸಣೆ ಇದೆ. ದಾಟಬೇಕಾದ ಗೆರೆ 32 ಅಂತ ಮೊದಲೇ ಗೊತ್ತಿತ್ತು. ಫಲಿತಾಂಶ ಬಂದಾಗ 31 ತೆಗೆದವರು ತೀರಾ ಕಡಿಮೆ, 32 ತೆಗೆದವರು ದಿಢೀರ್ ಜಾಸ್ತಿ! ಓದಿಸಿ ಅಂಕ ಹಾಕುವವರು ಅವರವರ ಟೀಚರ್‌ಗಳೇ. 2014ರಿಂದ ಗೆರೆ ಎಷ್ಟು ಅನ್ನುವುದನ್ನು ಮುಂಚೆ ಹೇಳುವುದನ್ನೇ ನಿಲ್ಲಿಸಿದರು. ಹೊರಗಿನವರು ಬಂದರೆ ಇದು ನಿಲ್ಲುತ್ತದೆ ಅನ್ನಬಹುದು. ಬಂದವರು ಪಕ್ಕದ ಹಳ್ಳಿಯ ಟೀಚರ್. ನಾಳೆ ಈ ಶಾಲೆಯ ಟೀಚರ್ ಅವರ ಶಾಲೆಗೆ ಹೋಗಬೇಕು. ಅರ್ಥವಾಯಿತಲ್ಲ?

ಅಳತೆಯೂ ನೆಟ್ಟಗಿಲ್ಲ. ಮೂರನೇ ಕ್ಲಾಸಿನ ಮಗು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು ಅನ್ನುತ್ತದೆ ನಿಪುಣ್. ಕನ್ನಡದಲ್ಲಿ ‘ಮರ’ವೂ ಒಂದು ಪದ, ‘ಹೋಗುತ್ತಿದ್ದರಂತೆ’ಯೂ ಒಂದು ಪದ. ಗಡಿಯಾರ ಹಿಡಿದು ಕೂತರೆ ಮಗು ಓಡುತ್ತದೆ, ಓದಿದ್ದು ಏನು ಅಂತ ಕೇಳಿದರೆ ಗೊತ್ತಿರುವುದಿಲ್ಲ. ಅರ್ಥವನ್ನೂ ಕೇಳಿ ಅಂತ ಕಾಗದದಲ್ಲಿದೆ. ಆದರೆ ಸಂಖ್ಯೆ ತುಂಬುವ ಕಾಲಂ ಸುಲಭ, ಅದೇ ತುಂಬುತ್ತದೆ.

ಹೆಗ್ಗಡದೇವನಕೋಟೆಯ ಹಾಡಿಗಳಿಂದ ಬರುವ ಜೇನುಕುರುಬರ ಮಗುವಿನ ಮನೆಮಾತು ಪುಸ್ತಕದ ಕನ್ನಡವಲ್ಲ. ಗುರುತಿಲ್ಲದವರು ಎದುರು ಕೂತರೆ ಓದಲು ಬರುವ ಮಗುವೂ ಬಾಯಿ ಬಿಡುವುದಿಲ್ಲ. ಮಂಡ್ಯದಲ್ಲಿ ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದವರ ಮಕ್ಕಳು ವರ್ಷದ ನಡುವೆ ಸೇರಿ ನಡುವೆಯೇ ಹೊರಡುತ್ತಾರೆ. ಆಲೆಮನೆಗೆ ಉತ್ತರ ಪ್ರದೇಶದಿಂದ ಬಂದವರ ಮಗು ಹಿಂದಿ ಬಿಟ್ಟು ಬೇರೆ ಕೇಳಿಯೇ ಇರುವುದಿಲ್ಲ. ಇವರೆಲ್ಲ ಯಾವ ಮೇಷ್ಟ್ರ ಲೆಕ್ಕಕ್ಕೆ?

ಪಾಸು-ಫೇಲು ಇಲ್ಲ ಅನ್ನುವ ಮಾತನ್ನು ಮೊದಲೂ ಕೇಳಿದ್ದೇವೆ. ಐದು, ಎಂಟನೇ ಕ್ಲಾಸಿನ ಪರೀಕ್ಷೆಗೂ ‘ಮೌಲ್ಯಾಂಕನ’ ಅಂತ ಹೆಸರಿಟ್ಟಿದ್ದರು. ಎಂಟನೇ ಕ್ಲಾಸು ಮುಗಿಯುವವರೆಗೆ ಬೋರ್ಡ್ ಪರೀಕ್ಷೆ ಪಾಸಾಗಲೇಬೇಕು ಅನ್ನುವಂತಿಲ್ಲ ಅಂತ ಶಿಕ್ಷಣ ಹಕ್ಕು ಕಾಯಿದೆಯ 30ನೇ ಸೆಕ್ಷನ್ ಹೇಳುತ್ತದೆ. ಆ ಪರೀಕ್ಷೆಯ ವಿಚಾರ ಕೋರ್ಟಿನಿಂದ ಕೋರ್ಟಿಗೆ ಅಲೆದು, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಫಲಿತಾಂಶವನ್ನೇ ತಡೆಯಿತು. ಹತ್ತು ವರ್ಷದ ಮಕ್ಕಳು ಬರೆದು ಕಾಯುತ್ತಾ ಕೂತರು.

ಕಲಿಸುವ ದಿನಗಳಾದರೂ ಎಷ್ಟು ಉಳಿದಿವೆ? 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಜಾತಿ ಸಮೀಕ್ಷೆಗೆ ಮನೆಮನೆ ಸುತ್ತಿದವರು ಮೇಷ್ಟ್ರುಗಳೇ. ಅದು ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಮೊಟ್ಟೆ, ಹಾಲಿನ ಲೆಕ್ಕ, ವೋಟರ್ ಲಿಸ್ಟು ಬೇರೆ. ಮೂರು ಕ್ಲಾಸು ಒಂದೇ ಕೋಣೆಯಲ್ಲಿ, ಒಬ್ಬರೇ ಟೀಚರ್.

ಹೊರಗಿನವರು ಬರಲೇಬೇಕು ಅಂದರೆ ಬರಲಿ. ನಮೂನೆ ಬಿಟ್ಟು ಬರಲಿ. ಟೀಚರ್ ಸಹಾಯ ಪೂರ್ತಿ ಬೇಕಾದ ತಟ್ಟೆಯ ಮಕ್ಕಳ ಜೊತೆ ಒಂದು ವಾರ ನೆಲದ ಮೇಲೆ ಕೂತು ಓದಿಸಲಿ. ಮತ್ತೆ ಅತಿಥಿ ಶಿಕ್ಷಕರ ನೇಮಕ ಆಗಸ್ಟಿಗೆ ಬೇಡ, ಶಾಲೆ ತೆರೆಯುವ ದಿನವೇ ಆಗಲಿ.