ಮುಗಿದ ಆಟಕ್ಕೆ ಸವಕಳಿ ಎಷ್ಟು?

ಅಣ್ಣನ ಮಗ ಇಲ್ಲಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾನೆ, ನಮ್ಮ ಮನೆಯಲ್ಲೇ ಇದ್ದಾನೆ. ಊಟಕ್ಕೆ ತಕರಾರಿಲ್ಲ, ಬಟ್ಟೆ ತಾನೇ ಒಗೆದುಕೊಳ್ಳುತ್ತಾನೆ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಮೊನ್ನೆ ನನ್ನ ಕಂಪ್ಯೂಟರಿನ ಮುಂದೆ ಕುಳಿತವನು, “ಕಾಕಾ, ಡಿಸ್ಕ್ ತುಂಬಿದೆ. ಆ ಕುದುರೆ ಆಟವನ್ನು ತೆಗೆದುಬಿಡಲೇ? ಅದೊಂದೇ 150 ಜಿಬಿ ನುಂಗಿ ಕುಳಿತಿದೆ” ಎಂದ. ಬೇಡ ಎಂದೆ. “ನೀವು ಆಡುವುದಿಲ್ಲವಲ್ಲ?” ಇಲ್ಲ. “ಮುಂದೆ ಆಡುತ್ತೀರಾ?” ಇಲ್ಲ. “ಚೆನ್ನಾಗಿರಲಿಲ್ಲವೇ?” ಅಷ್ಟು ಚೆನ್ನಾಗಿರುವ ಆಟವನ್ನು ನಾನು ಬೇರೆ ಆಡೇ ಇಲ್ಲ ಎಂದೆ. ಅವನು ಒಮ್ಮೆ ನನ್ನನ್ನು, ಒಮ್ಮೆ ಪರದೆಯನ್ನು ನೋಡಿ, “ಹಾಗಾದರೆ ನಿಮಗೇ ಏನೋ ಆಗಿದೆ” ಎಂದು ಎದ್ದು ಹೋದ.

ನನಗೇನೂ ಆಗಿಲ್ಲ. ಒಂದು ಆಟ ಒಳ್ಳೆಯದೆಂದರೆ ಅದನ್ನು ಮತ್ತೆ ಮತ್ತೆ ಆಡಲೇಬೇಕೆಂಬ ಕಾಯ್ದೆಯನ್ನು ಯಾರು ಮಾಡಿದರೋ ತಿಳಿಯದು. ಚಪ್ಪಲಿ ಕೊಳ್ಳುವಾಗ ಎಷ್ಟು ದಿನ ಬಾಳುತ್ತದೆ ಎಂದು ಕೇಳುವುದು ನ್ಯಾಯ. ಏರ್ ಕೂಲರ್ ಕೊಳ್ಳುವಾಗಲಂತೂ ರಾಯಚೂರಿನವರು ಅದನ್ನು ಕೇಳದೆ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಆದರೆ ಆಟಗಳ ವಿಮರ್ಶೆ ಬರೆಯುವವರೂ ಇದೇ ಅಳತೆಪಟ್ಟಿ ಹಿಡಿದುಕೊಂಡು ಬರುತ್ತಾರೆ. ನೂರು ಗಂಟೆ ಆಡಬಹುದು, ಇನ್ನೂರು ಗಂಟೆ ಆಡಬಹುದು, ಕೊಟ್ಟ ಹಣಕ್ಕೆ ಮೋಸವಿಲ್ಲ! ಗಂಟೆಗಳೇ ಬೇಕಿದ್ದರೆ ಗೋಡೆಯ ಗಡಿಯಾರ ನೋಡುತ್ತ ಕೂರಬಹುದಲ್ಲ, ಅದು ಇನ್ನೂ ಅಗ್ಗ.

ಕುದುರೆ ಆಟ ಎಂದು ಅವನು ಹೀಗಳೆದದ್ದು ‘ರೆಡ್ ಡೆಡ್ ರಿಡೆಂಪ್ಷನ್ 2’ ಎಂಬುದನ್ನು. 2018ರಲ್ಲಿ ಬಂದದ್ದು, ಕಂಪ್ಯೂಟರಿಗೆ ಬರಲು ಇನ್ನೊಂದು ವರ್ಷ ಹಿಡಿಯಿತು. ನಾನು ಶುರು ಮಾಡಿದ್ದು ಮೇ ತಿಂಗಳಿನಲ್ಲಿ. ಮಧ್ಯಾಹ್ನ ಮೂರು ಗಂಟೆ, ಸೀಲಿಂಗ್ ಫ್ಯಾನ್ ತಿರುಗಿದಷ್ಟೂ ಮಾಳಿಗೆಯ ಕಾವನ್ನೇ ಕೆಳಗಿಳಿಸುತ್ತಿತ್ತು. ಕಂಪ್ಯೂಟರಿನ ಡಬ್ಬದೊಳಗಿನ ಫ್ಯಾನುಗಳು ಬೇರೆ ಹುಯಿಲೆಬ್ಬಿಸಿದ್ದವು. ಪರದೆಯ ಮೇಲೆ ಮಾತ್ರ ಹಿಮ. 1899ನೆಯ ಇಸವಿ, ದರೋಡೆಕೋರರ ಗುಂಪೊಂದು ಬೆಟ್ಟದಲ್ಲಿ ಸಿಕ್ಕಿಹಾಕಿಕೊಂಡು ಚಳಿಗೆ ಹಲ್ಲು ಕಟಕಟಿಸುತ್ತಿದೆ. ನಾನು ಟವೆಲಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತ, ಅಂಟುವ ಬೆರಳುಗಳಿಂದ ನನ್ನವನನ್ನು ಮೊಣಕಾಲುದ್ದದ ಹಿಮದಲ್ಲಿ ನಡೆಸಿದೆ. ಅವರ ಕಷ್ಟ ನೋಡಿ ಕನಿಕರ ಹುಟ್ಟಬೇಕಿತ್ತು, ಹೊಟ್ಟೆಕಿಚ್ಚು ಹುಟ್ಟಿತು. ಆ ಹಿಮದ ಅಧ್ಯಾಯ ನಿಧಾನ, ಸಪ್ಪೆ, ಆಟ ಶುರುವಾಗುವುದೇ ಅದು ಮುಗಿದ ಮೇಲೆ ಎಂದು ಎಲ್ಲರೂ ದೂರುತ್ತಾರೆ. ರಾಯಚೂರಿನಲ್ಲಿ ಕುಳಿತು ಆಡಿದವನು ಆ ಮಾತನ್ನು ಒಪ್ಪುವುದಿಲ್ಲ. ಬೆಟ್ಟ ಇಳಿದು ಬಿಸಿಲು ಬಂದಾಗ ನಾನೇ ಬೈದುಕೊಂಡಿದ್ದೆ.

ಮತ್ತೆ ಯಾಕೆ ಆಡುವುದಿಲ್ಲ? ಮನಸ್ಸು ತಡೆಯುವುದಿಲ್ಲ, ಕಥೆ ಅಷ್ಟು ಭಾರ ಎಂದು ಹೇಳುವವರಿದ್ದಾರೆ. ಹೇಳಲಿ, ಕೇಳಲು ಗಂಭೀರವಾಗಿದೆ. ನನ್ನ ಕಾರಣದಲ್ಲಿ ಅರ್ಧಪಾಲು ಡ್ರಾಯರುಗಳದ್ದು. ಆ ಆಟದಲ್ಲಿ ಯಾವುದಾದರೂ ಮನೆ ಹೊಕ್ಕರೆ ಮೇಜಿನ ಡ್ರಾಯರ್ ಎಳೆಯಬೇಕು, ಕೈ ಒಳಗೆ ಹೋಗುವುದನ್ನು ನೋಡಬೇಕು, ಡಬ್ಬಿಯನ್ನು ಎತ್ತಬೇಕು, ಜೋಳಿಗೆಗೆ ಹಾಕಬೇಕು, ಮುಂದಿನ ಡ್ರಾಯರ್ ಎಳೆಯಬೇಕು. ಮೊದಲ ಸಲ ‘ಆಹಾ, ಎಷ್ಟು ಸಹಜ’ ಎಂದಿದ್ದೆ. ಮನೆಯಲ್ಲಿ ಹೆಂಡತಿ ಸೂಜಿ ಹುಡುಕಿಕೊಡಿ ಎಂದರೆ ಸಹಜವಾಗಿಯೇ ಗೊಣಗುವ ಮನುಷ್ಯ ನಾನು, ಅಲ್ಲಿ ಇನ್ನೊಬ್ಬರ ಮನೆಯ ಕಪಾಟುಗಳನ್ನು ಸಾಲಾಗಿ ತಡಕಿದ್ದೇನೆ. ಇನ್ನು ಉಳಿದ ಅರ್ಧ ಕಾರಣ ಕುದುರೆ. ದಿನವೂ ಮೈ ಉಜ್ಜಿ, ಮೇವು ತಿನ್ನಿಸಿ, ಹೆಸರಿಟ್ಟು ಕರೆದಿದ್ದೆ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಆಡಿದವರಿಗೆ ಗೊತ್ತು, ಆಡದವರಿಗೆ ಆ ಉಸಾಬರಿ ಬೇಡ.

ಹೀಗೆ ಒಂದೇ ಸಲಕ್ಕೆ ಕೈ ಮುಗಿದು ಬಿಟ್ಟ ಆಟಗಳು ಇನ್ನೂ ಇವೆ. ಹಿಡಿಯೋ ಕೊಜಿಮಾ ಎಂಬಾತ ಮಾಡಿದ ‘ಡೆತ್ ಸ್ಟ್ರ್ಯಾಂಡಿಂಗ್’ 2019ರಲ್ಲಿ ಬಂತು. ಅದರ ನಾಯಕ ಬೆನ್ನ ಮೇಲೆ ಪೆಟ್ಟಿಗೆಗಳನ್ನು ಪೇರಿಸಿಕೊಂಡು ಬೆಟ್ಟ, ಹೊಳೆ ದಾಟಿ ತಲುಪಿಸಬೇಕು. ಹೊರೆ ಎಡಕ್ಕೆ ವಾಲಿದರೆ ನಾವು ಬಲಕ್ಕೆ ಜಗ್ಗಬೇಕು, ಮಳೆ ಬಿದ್ದರೆ ಪೆಟ್ಟಿಗೆ ಕೆಡುತ್ತದೆ. ನಮ್ಮ ಗಂಜ್ ಮಾರುಕಟ್ಟೆಯ ಹಮಾಲರಿಗೆ ಇದನ್ನು ವಿವರಿಸಿದರೆ, ಇದಕ್ಕೆ ನಿಮಗೆ ಎಷ್ಟು ಕೊಡುತ್ತಾರೆ ಎಂದು ಕೇಳುತ್ತಾರೆ. ನಾನೇ ಕೊಟ್ಟಿದ್ದೇನೆ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೂ ಒಂದು ಸಂಜೆ ಆ ಹೊರೆಯನ್ನು ಹಿಮದ ಬೆಟ್ಟ ದಾಟಿಸಿ ಕೆಳಗೆ ದೀಪ ಕಂಡಾಗ ಆದ ಸಂತೋಷ ಸಣ್ಣದಲ್ಲ. ಮತ್ತೆ ಹೊರುವಿರಾ ಎಂದರೆ ಇಲ್ಲ.

2017ರ ‘ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ ಆಟದಲ್ಲಿ ಕಲ್ಲಿನ ಕೆಳಗೆ, ಮರದ ತುದಿಯಲ್ಲಿ, ಕೊಳದ ನಡುವೆ 900 ಬೀಜಗಳನ್ನು ಅಡಗಿಸಿಟ್ಟಿದ್ದಾರೆ. ಜಗತ್ತಿನಲ್ಲಿ ತಾಳ್ಮೆಯುಳ್ಳವರು ಇದ್ದಾರೆ, ಅವರು 900ನ್ನೂ ಹುಡುಕುತ್ತಾರೆ. ಹುಡುಕಿ ತಂದವರಿಗೆ ಸಿಗುವ ಬಹುಮಾನ ಒಂದು ಬಂಗಾರದ ಬಣ್ಣದ ಲದ್ದಿ. ಹಾಸ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿ ಅದೇ. ಆಟ ಮಾಡಿದವರಿಗೂ ಈ ನೂರು ಗಂಟೆ, ಇನ್ನೂರು ಗಂಟೆಯವರ ಮೇಲೆ ನನ್ನಷ್ಟೇ ಸಿಟ್ಟಿರಬೇಕೆಂದು ನನ್ನ ಗುಮಾನಿ.

‘ಔಟರ್ ವೈಲ್ಡ್ಸ್’ ಬೇರೆ ಜಾತಿ. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲವೂ ಸುಟ್ಟು ಹೋಗುತ್ತದೆ, ನಾವು ಮತ್ತೆ ಮೊದಲಿನ ಜಾಗದಲ್ಲಿ ಕಣ್ಣು ಬಿಡುತ್ತೇವೆ. ಗಳಿಸುವುದಕ್ಕೆ ಕತ್ತಿ ಇಲ್ಲ, ದುಡ್ಡಿಲ್ಲ. ಹಿಂದಿನ ಸಲ ಏನು ತಿಳಿದುಕೊಂಡೆವೋ ಅಷ್ಟೇ ಕೈಯಲ್ಲಿ ಉಳಿಯುವುದು. ಎಲ್ಲವೂ ತಿಳಿದವನು ಅದನ್ನು ಒಂದೇ 22 ನಿಮಿಷದಲ್ಲಿ ಮುಗಿಸಬಹುದು, ಆದ್ದರಿಂದ ಆಡಬೇಕಾಗಿಯೇ ಇಲ್ಲ. ಅದನ್ನು ಮೆಚ್ಚಿದವರೆಲ್ಲ ಮರೆವು ಬರಲಿ ಎಂದು ಹಂಬಲಿಸುತ್ತಾರೆ. ನನಗೆ ಮರೆವು ಬರುತ್ತಿದೆ, ಆದರೆ ಆಟ ಬಿಟ್ಟು ಉಳಿದದ್ದನ್ನೆಲ್ಲ ಮರೆಯುತ್ತಿದ್ದೇನೆ.

ಇವೆಲ್ಲ ಪೀಠಿಕೆ. ನಾನು ಹೇಳಬೇಕೆಂದಿದ್ದದ್ದು ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಬಗ್ಗೆ. ಯಾಕೆಂದರೆ ಅದರ ನಾಯಕ ನನ್ನ ವೃತ್ತಿಯವನು. ನಾನು ವಿಮೆಯ ಸರ್ವೇಯರ್. ಅಕ್ಕಿ ಗಿರಣಿಗೆ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿಗೆ ಬೆಂಕಿ ಬಿದ್ದರೆ ಹೋಗಿ, ಎಷ್ಟು ಸುಟ್ಟಿತು, ಎಷ್ಟು ಉಳಿಯಿತು, ಮಾಲೀಕರು ಹೇಳುವುದರಲ್ಲಿ ಎಷ್ಟು ಸುಟ್ಟಿರಲು ಸಾಧ್ಯವಿಲ್ಲ ಎಂದು ಬರೆದುಕೊಡುವ ಕೆಲಸ. ಆಟಗಳ ಲೋಕದಲ್ಲಿ ಸೈನಿಕರಿದ್ದಾರೆ, ಕಳ್ಳರಿದ್ದಾರೆ, ಮಾರಿಯೊ ಎಂಬ ನಲ್ಲಿ ರಿಪೇರಿಯವನೊಬ್ಬ ಮೀಸೆ ಬಿಟ್ಟುಕೊಂಡು 1985ರಿಂದ ಅಣಬೆ ತಿನ್ನುತ್ತಿದ್ದಾನೆ. ನಮ್ಮನ್ನು ಯಾರೂ ಕೇಳಿರಲಿಲ್ಲ. 2018ರಲ್ಲಿ ಲೂಕಸ್ ಪೋಪ್ ಎಂಬಾತ ಆ ಕೊರತೆ ನೀಗಿಸಿದ. 1802ರಲ್ಲಿ ಲಂಡನ್ನಿನಿಂದ ಹೊರಟು ಕಾಣೆಯಾದ ವ್ಯಾಪಾರಿ ಹಡಗೊಂದು 1807ರಲ್ಲಿ ತಾನೇ ತೇಲಿಕೊಂಡು ಬಂದರಿಗೆ ಬರುತ್ತದೆ. ಒಳಗೆ ಜೀವವಿಲ್ಲ. ಈಸ್ಟ್ ಇಂಡಿಯಾ ಕಂಪನಿ ತನ್ನ ವಿಮಾ ತಪಾಸಕನನ್ನು ಕಳಿಸುತ್ತದೆ. ಹಡಗಿನಲ್ಲಿದ್ದ 60 ಜನರಲ್ಲಿ ಯಾರು ಯಾರು, ಯಾರಿಗೆ ಏನಾಯಿತು, ಯಾರಿಂದಾಯಿತು ಎಂದು ಒಂದು ಪುಸ್ತಕದಲ್ಲಿ ತುಂಬಬೇಕು. ಇಡೀ ಆಟ ಕಪ್ಪು ಬಿಳುಪು, ಚುಕ್ಕಿ ಚುಕ್ಕಿ. ಮೂವರ ಗತಿ ಸರಿಯಾಗಿ ಬರೆದಾಗ ಮಾತ್ರ ಸರಿ ಎಂದು ಮುದ್ರೆ ಬೀಳುತ್ತದೆ. ಒಬ್ಬಿಬ್ಬರದ್ದು ಸರಿಯಾದರೆ ಆಟ ಬಾಯಿ ಬಿಡುವುದಿಲ್ಲ. ಊಹೆ ಬರೆದು ತಪ್ಪಿಸಿಕೊಳ್ಳುವವರನ್ನು ಪೋಪ್ ಬಲ್ಲ.

ರಜೆಯ ದಿನ ಕಚೇರಿ ಕೆಲಸವನ್ನೇ ಮನೆಯಲ್ಲಿ ಮಾಡುತ್ತಿದ್ದೀರಲ್ಲ ಎಂದು ಮನೆಯವರು ನಕ್ಕರು. ನಗಲಿ. ಹಾಸಿಗೆಯ ಮೇಲಿನ ಸಂಖ್ಯೆ, ಕಾಲಿನ ಬೂಟು, ಯಾರ ಪಕ್ಕದಲ್ಲಿ ಯಾರು ಊಟಕ್ಕೆ ಕೂರುತ್ತಿದ್ದರು ಎಂಬುದನ್ನು ಹಿಡಿದು ಹೆಸರು ಪತ್ತೆ ಮಾಡುವುದು ನಿಜವಾದ ಸರ್ವೇಯರ್ ಕೆಲಸ. ಕೊನೆಯ ಹೆಸರು ತುಂಬಿದಾಗ ರಾತ್ರಿ ಬಹಳವಾಗಿತ್ತು. ಎದ್ದು ಚಹಾ ಮಾಡಿಕೊಂಡು ಕುಡಿದೆ, ಅಷ್ಟು ತೃಪ್ತಿ. ಅದನ್ನು ಮತ್ತೆ ತೆರೆಯುವುದೆಂದರೆ ಇತ್ಯರ್ಥವಾದ ಕ್ಲೇಮಿನ ಕಡತವನ್ನು ಕಪಾಟಿನಿಂದ ಇಳಿಸಿದಷ್ಟೇ ಅರ್ಥಹೀನ.

ಈ ಇತ್ಯರ್ಥದ ಮಾತು ಬಂತೆಂದರೆ ನನಗೆ ನೆನಪಾಗುವುದು ಹೈದರಾಬಾದ್ ರಸ್ತೆಯ ಕಡೆಯ ಒಂದು ಜಿನ್ನಿಂಗ್ ಮಿಲ್ಲು. ಹತ್ತಿಯ ಬೆಂಕಿ ಭತ್ತದ ಬೆಂಕಿಯಂತಲ್ಲ. ಹೊಲದಿಂದ ಹತ್ತಿಯೊಳಗೆ ಸೇರಿ ಬಂದ ಒಂದು ಕಲ್ಲೋ ಕಬ್ಬಿಣದ ಚೂರೋ ಜಿನ್ನಿನ ರೋಲರಿಗೆ ತಗುಲಿದರೆ ಕಿಡಿ ಹಾರುತ್ತದೆ, ಹಾರಿದ ಅರಳೆ ಅದನ್ನು ಹೊತ್ತೊಯ್ಯುತ್ತದೆ. ಬೇಲ್ ಎಂದರೆ ಹತ್ತಿಯನ್ನು ಒತ್ತಿ ಕಟ್ಟಿದ 170 ಕಿಲೋ ತೂಗುವ ಮೂಟೆ, ಅದರೊಳಗೆ ಆ ಕಿಡಿ ಹೊಕ್ಕರೆ ಅಗ್ನಿಶಾಮಕದವರು ನೀರು ಹೊಡೆದು ಹೋದ ಮೇಲೂ ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ನಾನು ಒಂದು ಬೇಲಿನ ಪಟ್ಟಿ ಕತ್ತರಿಸಲು ಹೇಳಿದೆ. ಮೇಲೆ ಬೆರಳು ದಪ್ಪದ ಕರಿ ತೊಗಟೆ, ಮುಟ್ಟಿದರೆ ತಣ್ಣಗೆ. ಅದರ ಕೆಳಗೆ ಬೆಳ್ಳನೆಯ ಅರಳೆ. ಇನ್ನೂ ಒಳಗೆ ಕೈ ಹಾಕಿದ ಹುಡುಗ ಅರಚಿ ಹಿಂದೆ ಸರಿದ. ನಡುವೆ ಕಂದು ಬಣ್ಣದ ಸುರಂಗವೊಂದು ಹೊಗೆಯಾಡುತ್ತಿತ್ತು.

ಮಾಲೀಕರು ಹೇಳಿದ ಬೇಲುಗಳ ಲೆಕ್ಕಕ್ಕೂ ಬೂದಿಯ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಸ್ಟಾಕ್ ರಿಜಿಸ್ಟರ್ ಕೇಳಿದೆ, ವಿದ್ಯುತ್ ಬಿಲ್ಲು ಕೇಳಿದೆ. ಎಷ್ಟು ಯೂನಿಟ್ ಉರಿದರೆ ಎಷ್ಟು ಬೇಲ್ ಒತ್ತಬಹುದು ಎಂಬುದು ನಮಗೆ ಗೊತ್ತಿರುತ್ತದೆ, ನಮಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿರುತ್ತದೆ. ಕಾಗದಗಳನ್ನು ತಂದುಕೊಟ್ಟವರು ಆ ಮಿಲ್ಲಿನ ಹಳೆಯ ಗುಮಾಸ್ತರು. ಧೋತರ, ಬಿಳಿ ಅಂಗಿ, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಕೇಳಿದ್ದನ್ನೆಲ್ಲ ಕೊಟ್ಟರು, ಆದರೆ ನಾನು ಹೊರಟಾಗಲೆಲ್ಲ ಏನೋ ಹೇಳಲಿಕ್ಕಿದೆ ಎಂಬ ಮುಖ ಮಾಡಿಕೊಂಡು ಬಾಗಿಲವರೆಗೂ ಬರುತ್ತಿದ್ದರು. ಮಾಲೀಕರ ವಿರುದ್ಧ ಏನಾದರೂ ಬಾಯಿ ಬಿಡುತ್ತಾರೆಂದು ನಾನೂ ಆಸೆಯಿಂದ ನಿಲ್ಲುತ್ತಿದ್ದೆ. ಕೊನೆಗೊಂದು ದಿನ ಮಾಲೀಕರು ಊರಲ್ಲಿಲ್ಲದಾಗ, ಸುಟ್ಟ ಆಫೀಸು ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಿ ಕರಗಿ ಮುದ್ದೆಯಾದ ಕಂಪ್ಯೂಟರ್ ತೋರಿಸಿದರು.

“ಸಾಹೇಬರೇ, ಇದಕ್ಕೆ ಏನಾದರೂ ಬರುತ್ತದೆಯೇ?”

ಪಾಲಿಸಿಯಲ್ಲಿ ಆಫೀಸಿನ ಸಾಮಾನು ಸೇರಿದೆ, ಬರುತ್ತದೆ ಎಂದೆ.

“ಅದಲ್ಲ. ಒಳಗೆ ಇದ್ದದ್ದಕ್ಕೆ.”

ಒಳಗೆ ಲೆಕ್ಕ ಇತ್ತೇ ಎಂದು ಕಿವಿ ನಿಮಿರಿಸಿದೆ. ಮಿಲ್ಲಿನ ಲೆಕ್ಕವೆಲ್ಲ ಟ್ಯಾಲಿಯಲ್ಲಿತ್ತಂತೆ, ಅದರ ಬ್ಯಾಕಪ್ ಆಡಿಟರ ಬಳಿ ಭದ್ರವಾಗಿತ್ತಂತೆ. ಹೋದದ್ದು ಇವರ ಸಾಲಿಟೇರ್. ಎಲೆಯಾಟ. ವಿಂಡೋಸ್ 7ರಲ್ಲಿ ಆಡಿದ ಆಟ ಎಷ್ಟು, ಗೆದ್ದದ್ದು ಎಷ್ಟು, ಗೆಲುವು ಶೇಕಡಾ ಎಷ್ಟು, ಸಾಲಾಗಿ ಗೆದ್ದದ್ದು ಎಷ್ಟು ಎಂದು ಲೆಕ್ಕ ತೋರಿಸುತ್ತಿತ್ತಲ್ಲ, ಅದು. ಹಂಗಾಮು ಮುಗಿದು ಮಿಲ್ಲು ನಿಂತ ತಿಂಗಳುಗಳಲ್ಲಿ, ಹಂಗಾಮಿನಲ್ಲೂ ಮಾಲೀಕರು ಊಟಕ್ಕೆ ಎದ್ದಾಗ, ವರ್ಷಗಟ್ಟಲೆ ಆಡಿ ಬೆಳೆಸಿದ ಲೆಕ್ಕ. ಹತ್ತಕ್ಕೆ ಬಿದ್ದಿದ್ದ ಶೇಕಡಾವಾರನ್ನು ಇಪ್ಪತ್ತರ ತನಕ ಹತ್ತಿಸಿದ್ದರಂತೆ. ಆಟದ ಸಂಖ್ಯೆ ಬೆಳೆದಷ್ಟೂ ಶೇಕಡಾವನ್ನು ಒಂದು ಮೆಟ್ಟಿಲು ಏರಿಸುವುದು ಎಷ್ಟು ಕಷ್ಟ ಎಂದು ನನಗೆ ಬೆರಳೆಣಿಸಿ ವಿವರಿಸಿದರು. ಮಾಲೀಕರ ಬೇಲುಗಳ ಲೆಕ್ಕಕ್ಕಿಂತ ಅದು ಎಷ್ಟೋ ಸ್ವಚ್ಛವಾಗಿತ್ತು.

“ಮಾಲೀಕರದ್ದಕ್ಕೆ ಬ್ಯಾಕಪ್ ಇದೆ. ನನ್ನದಕ್ಕೆ ಯಾರ ಬಳಿಯೂ ಇಲ್ಲ.”

ಹೋದರೆ ಹೋಗಲಿ, ಸಾಲಿಟೇರ್ ತಾನೇ, ಹೊಸ ಕಂಪ್ಯೂಟರಿನಲ್ಲಿ ಮತ್ತೆ ಮೊದಲಿನಿಂದ ಆಡಿ ಎಂದೆ. ದಿನಕ್ಕೆ ಹತ್ತಾರು ಸಲ ಅದೇ ಐವತ್ತೆರಡು ಎಲೆಗಳನ್ನು ಹರಡಿಕೊಂಡು ಕುಳಿತಿದ್ದವರು. ಕನ್ನಡಕ ತೆಗೆದು ನನ್ನನ್ನು ದಿಟ್ಟಿಸಿದರು.

“ಮೊದಲಿನಿಂದಲೇ? ಯಾರು ಆಡುತ್ತಾರೆ ಸಾಹೇಬರೇ ಅದನ್ನೆಲ್ಲ ಮತ್ತೆ ಮೊದಲಿನಿಂದ!”

ಆ ಧ್ವನಿಯಲ್ಲಿದ್ದ ಬೇಸರಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಇಲ್ಲಿಂದ ಮುಂದೆ ಏನೋ ಒಂದು ಒಳ್ಳೆಯ ಮಾತು ಹೊರಡಬೇಕು ಎಂದು ಬರೆಯಲು ಕೂತಾಗ ಅನ್ನಿಸಿತ್ತು. ಹೊರಡುತ್ತಿಲ್ಲ. ಅವರ ನಷ್ಟಕ್ಕೆ ನನ್ನ ವರದಿಯಲ್ಲಿ ಕಲಮು ಇರಲಿಲ್ಲ. ಕಟ್ಟಡ, ಯಂತ್ರ, ದಾಸ್ತಾನು, ಪೀಠೋಪಕರಣ ಎಂಬ ನಾಲ್ಕರಲ್ಲಿ ಎಲ್ಲಿ ತುರುಕಿದರೂ ವಿಮಾ ಕಂಪನಿಯವರು ನನ್ನನ್ನೇ ಪರೀಕ್ಷೆಗೆ ಕಳಿಸುತ್ತಿದ್ದರು. ಕಂಪ್ಯೂಟರ್ ಹಳೆಯದು, ಸವಕಳಿ ಕಳೆದು ಏನು ಬರುತ್ತದೋ ಅಷ್ಟು ಬರೆದೆ. ಬೇಲುಗಳಿಗೂ ವಿದ್ಯುತ್ ಬಿಲ್ಲು ಒಪ್ಪಿದಷ್ಟೇ ಬರೆದೆ. ಗುಮಾಸ್ತರು ಗಂಜ್‌ನಲ್ಲಿ ಸಿಕ್ಕಾಗ ಈಗಲೂ ನಮಸ್ಕಾರ ಹೇಳುತ್ತಾರೆ. ಮಾಲೀಕರು ಮಾತ್ರ ಮುಖ ತಿರುಗಿಸಿಕೊಂಡು ಹೋಗುತ್ತಾರೆ.