ಅಡ್ಡಹೆಸರು ಉಳ್ಳಾಗಡ್ಡಿ

ಬಾಗಲಕೋಟೆಯಲ್ಲಿ ಉಳ್ಳಾಗಡ್ಡಿ ಎಂಬ ಅಡ್ಡಹೆಸರಿಗೆ ಯಾರೂ ನಗುವುದಿಲ್ಲ. ಮೆಣಸಿನಕಾಯಿ, ಬೆಲ್ಲದ, ತುಪ್ಪದ, ಅಕ್ಕಿ ಮನೆತನದ ಹುಡುಗರ ಜೊತೆ ಕಲಿತ ನನಗೆ, ನಮ್ಮ ವರ್ಗದ ಹಾಜರಿಯು ಕಿರಾಣಿ ಚೀಟಿ ಓದಿದಂತೆ ಕೇಳಿಸುತ್ತದೆಂಬುದು ತುಂಗಭದ್ರೆ ದಾಟಿದ ಮೇಲೆಯೇ ತಿಳಿದದ್ದು. ಆದರೆ ಹೆಸರು ಪುಸ್ತಕದೊಳಗೆ ಹೊಕ್ಕಾಗ ಆಗುವ ಫಜೀತಿಯೇ ಬೇರೆ.

ಮೊದಲು ಕಥೆಯ ಮಾತು. ನಮ್ಮ ಕಥೆಗಳಲ್ಲಿ ಪಾಟೀಲನಿಗೆ ವಾಡೆ ಸಿಗುತ್ತದೆ, ದೇಸಾಯಿಗೆ ಬೀಳುತ್ತಿರುವ ವಾಡೆ ಸಿಗುತ್ತದೆ, ಕುಲಕರ್ಣಿಗೆ ಲೆಕ್ಕದ ಬುದ್ಧಿ ಸಿಗುತ್ತದೆ. ಅಪರೂಪದ ಅಡ್ಡಹೆಸರಿನವನು ಮಾತ್ರ ಎರಡು ಪುಟ ನಗಿಸಿ ಹೋಗಬೇಕು. ನವನಗರದ ನನ್ನ ಕಥೆಗಾರ ಮಿತ್ರರು ಸೂಜಿ ಚುಚ್ಚುವ ಮೊದಲೇ ರೋಗಿಗಳನ್ನು ಅಳಿಸುವ ಕಂಪೌಂಡರನೊಬ್ಬನಿಗೆ ನನ್ನ ಹೆಸರಿಟ್ಟರು. ಕೇಳಿದ್ದಕ್ಕೆ, “ಪಾಟೀಲ ಅಂತ ಇಟ್ರ ನೂರು ಮಂದಿ ಬಾಗಲಿಗೆ ಬಂದು ಜಗಳಾ ತಗೀತಾರ್ರೀ ಸರ. ಉಳ್ಳಾಗಡ್ಡಿ ಅಂದ್ರ ನೀವೊಬ್ಬರ ಬರ್ತೀರಿ, ನಿಮಗ ಒಂದು ಚಾ ಕುಡಿಸಿದ್ರ ಮುಗೀತು” ಎಂದರು. ಚಹಾ ಚೆನ್ನಾಗಿತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ವಿದ್ವಾಂಸರಾದರೂ ಗಂಭೀರವಾಗಿ ನಡೆಸಿಕೊಂಡಾರೆಂದು ನಂಬಿದ್ದೆ. ಕನ್ನಡ ನಾಮವಿಜ್ಞಾನದ ಬಗ್ಗೆ ಪುಸ್ತಕವನ್ನೇ ಬರೆದ ಎಂ. ಎಂ. ಕಲಬುರ್ಗಿಯವರು ಹುಟ್ಟಿದ್ದು ಸಿಂದಗಿ ತಾಲೂಕಿನಲ್ಲಿ, ಅಡ್ಡಹೆಸರು ಮಾತ್ರ ಬೇರೆ ಊರಿನದು. ಅದರಿಂದ ಯಾರಿಗೂ ಗೊಂದಲವಾಗಲಿಲ್ಲ. ಘೋಡಗೇರಿಯ ಚಂದ್ರಶೇಖರ ಕಂಬಾರರಿಗೆ 2010ರ ಜ್ಞಾನಪೀಠ ಬಂದ ಮೇಲಂತೂ ‘ಕಂಬಾರರು’ ಎಂದರೆ ಯಾರಿಗೂ ಕುಲುಮೆಯ ತಿದಿ ನೆನಪಾಗುವುದಿಲ್ಲ. ನನಗೆ ಅಷ್ಟು ಪುಣ್ಯವಿಲ್ಲ. ಪ್ರಬಂಧಗಳಲ್ಲಿ ‘ಅವರು’ ಎಂಬ ಗೌರವವನ್ನು ಕೈಬಿಟ್ಟು ಬರಿಯ ಅಡ್ಡಹೆಸರು ಬರೆಯುವ ರೂಢಿ ಬಂದಾಗಿನಿಂದ ‘ಬೆಲ್ಲದ ಅಭಿಪ್ರಾಯ’ವನ್ನು ಓದಿದವರು ಅದು ಸಿಹಿಯೇ ಇರಬೇಕೆಂದುಕೊಳ್ಳುತ್ತಾರೆ, ‘ಉಳ್ಳಾಗಡ್ಡಿಯ ವಾದದಲ್ಲಿ ತಿರುಳಿಲ್ಲ’ ಎಂದು ಒಬ್ಬ ಸಂಶೋಧಕರು ಬರೆದಾಗ, ಸುಲಿಯುತ್ತ ಹೋದರೆ ಕೊನೆಗೆ ಏನೂ ಉಳಿಯುವುದಿಲ್ಲವೆಂಬ ಸತ್ಯ ನನಗೂ ಹೊಳೆದು ಸುಮ್ಮನಾದೆ.

ಸುಮ್ಮನಿರಲಾಗದ ಪ್ರಸಂಗ ಮುಂದೆ ಬಂತು. ಜಿಲ್ಲೆಯ ಸಂತೆಗಳ ಬಗ್ಗೆ ನಾನು ಬರೆದ ಲೇಖನವೊಂದು ದಕ್ಷಿಣದ ಊರೊಂದರಲ್ಲಿ ಅಚ್ಚಾಗುತ್ತಿದ್ದ ಸಂಪುಟಕ್ಕೆ ಹೋಯಿತು. ಅಲ್ಲಿ ಕರಡು ತಿದ್ದುವವರು ಆಡುನುಡಿಯನ್ನು ಶಿಷ್ಟಗೊಳಿಸುವ ಉತ್ಸಾಹದಲ್ಲಿ ‘ಉಳ್ಳಾಗಡ್ಡಿ’ ಕಂಡಲ್ಲೆಲ್ಲ ‘ಈರುಳ್ಳಿ’ ಎಂದು ಮಾಡಿದ್ದರು, ಲೇಖನದ ತಲೆಯ ಮೇಲಿದ್ದ ನನ್ನ ಹೆಸರನ್ನೂ ಬಿಡದೆ. ಪದಸೂಚಿಯಲ್ಲಿ ‘ಈರುಳ್ಳಿ: 12, 47, 48, 103’ ಎಂದಿತ್ತು, 12 ಮತ್ತು 103ರಲ್ಲಿ ನಾನಿದ್ದೆ, ನಡುವಿನ ಎರಡು ಪುಟಗಳಲ್ಲಿ ಚೀಲಗಟ್ಟಲೆ ಗಡ್ಡೆಗಳು ಮಾರಾಟಕ್ಕಿದ್ದವು. ಮನೆಯಲ್ಲಿ ಅದನ್ನು ಓದಿದ ನನ್ನ ಹೆಂಡತಿ, “ಕ್ವಿಂಟಲ್‌ಗೆ ಎಷ್ಟಂತ ಬರದಾರ್ರೀ?” ಎಂದು ಮಾತ್ರ ಕೇಳಿದಳು.

ಮರುಮುದ್ರಣಕ್ಕೆಂದು ಕರಡು ಬಂದಾಗ ನನ್ನ ಹೆಸರನ್ನು ತಿದ್ದಿ, ಇನ್ನೊಮ್ಮೆ ಅನಾಹುತವಾಗದಿರಲೆಂದು ಅಂಚಿನಲ್ಲಿ ಕೆಂಪು ಶಾಯಿಯಿಂದ ಒಂದು ಸೂಚನೆಯನ್ನು ಸ್ಪಷ್ಟವಾಗಿ ಬರೆದು ಕಳಿಸಿದೆ. ಈ ಸಲ ಅವರು ಒಂದಕ್ಷರವನ್ನೂ ಬಿಟ್ಟಿರಲಿಲ್ಲ. ಲೇಖಕರ ಹೆಸರಿನ ಜಾಗದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ‘ಉಳ್ಳಾಗಡ್ಡಿ (ಅಡ್ಡಹೆಸರು, ಕಾಯಿಪಲ್ಲೆ ಅಲ್ಲ)’.