ಆಟಗಾರನ ಕೊರಳಲ್ಲಿರುವ ಹೆಡ್‌ಫೋನ್ ಯಾರ ಸೊತ್ತು?

2014ರ ಅಕ್ಟೋಬರ್ 5ರಂದು ಅಮೆರಿಕನ್ ಫುಟ್‌ಬಾಲ್‌ನ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡವನ್ನು 22–17ರಿಂದ ಸೋಲಿಸಿತು. ಪಂದ್ಯ ಮುಗಿದು ಪತ್ರಿಕಾಗೋಷ್ಠಿಗೆ ಬಂದ ಕ್ವಾರ್ಟರ್‌ಬ್ಯಾಕ್ (ತಂಡದ ದಾಳಿಯನ್ನು ಮುನ್ನಡೆಸುವ ಆಟಗಾರ) ಕಾಲಿನ್ ಕೇಪರ್ನಿಕ್ ಅವರ ಕೊರಳಲ್ಲಿ ಗುಲಾಬಿ ಬಣ್ಣದ ಬೀಟ್ಸ್ ಹೆಡ್‌ಫೋನ್ ಇತ್ತು. ಅಷ್ಟಕ್ಕೇ ಆ ಆಟದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಅವರಿಗೆ 10,000 ಡಾಲರ್ ದಂಡ ಹಾಕಿತು. ಆ ವರ್ಷವೇ ಹೆಡ್‌ಫೋನ್ ತಯಾರಿಸುವ ಇನ್ನೊಂದು ಸಂಸ್ಥೆ ಬೋಸ್ ಕಂಪನಿ ಲೀಗ್‌ನ ಅಧಿಕೃತ ಪ್ರಾಯೋಜಕನಾಗಿತ್ತು. ಕೇಪರ್ನಿಕ್ ಅವರಾದರೋ ಬೀಟ್ಸ್ ಜಾಹೀರಾತುಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಆಟಗಾರ. ಅಕ್ಟೋಬರ್ ಸ್ತನ ಕ್ಯಾನ್ಸರ್ ಜಾಗೃತಿಯ ತಿಂಗಳಾದ್ದರಿಂದ ಲೀಗ್ ತಾನೇ ಆಟಗಾರರಿಗೆ ಗುಲಾಬಿ ಕೈಗವಸು, ಗುಲಾಬಿ ಬೂಟು ತೊಡಿಸುತ್ತಿದ್ದ ಕಾಲವದು. ಹಾಗಾಗಿ ಬಣ್ಣದ ಬಗ್ಗೆ ಯಾರ ತಕರಾರೂ ಇರಲಿಲ್ಲ, ತಕರಾರೆಲ್ಲ ಅದರ ಮೇಲಿದ್ದ ಗುರುತಿನದು.

ಈ ಪ್ರಸಂಗವನ್ನು ಸಾಮಾನ್ಯವಾಗಿ ಒಂದು ತಮಾಷೆಯಾಗಿ ಹೇಳಲಾಗುತ್ತದೆ, ಇಲ್ಲವೇ ದುಡ್ಡಿನ ಆಸೆಗೆ ಬಿದ್ದ ಲೀಗ್ ಆಟಗಾರನ ಸ್ವಾತಂತ್ರ್ಯವನ್ನು ಕಸಿದುಕೊಂಡಿತೆಂಬ ದೂರಾಗಿ. ನನಗೆ ಎರಡೂ ಒಪ್ಪಿಗೆಯಿಲ್ಲ. ಪ್ರಾಯೋಜಕನಿಗೆ ಏಕಸ್ವಾಮ್ಯ ಕೊಡುವುದು ತಾನಾಗಿಯೇ ಅನ್ಯಾಯವಲ್ಲ. ಹಾಗೆ ಬಂದ ಹಣದಲ್ಲಿ ಆಟಗಾರನಿಗೆ ಪಾಲಿದೆಯೇ, ಆ ಒಪ್ಪಂದ ಮಾಡುವಾಗ ಅವನ ಪರವಾಗಿ ಮಾತನಾಡುವವರು ಯಾರಾದರೂ ಇದ್ದರೇ ಎಂಬ ಎರಡು ಪ್ರಶ್ನೆಗಳಿಗೆ ಸಿಗುವ ಉತ್ತರದ ಮೇಲೆ ಅದು ನ್ಯಾಯವೋ ಅನ್ಯಾಯವೋ ತೀರ್ಮಾನವಾಗಬೇಕು ಎಂಬುದು ನನ್ನ ಅಭಿಪ್ರಾಯ. ಈ ಅಳತೆಯಿಂದ ನೋಡಿದರೆ ಕೇಪರ್ನಿಕ್ ಅವರಿಗಾದದ್ದಕ್ಕಿಂತ ಹೆಚ್ಚಿನ ಅನ್ಯಾಯ ಬೇರೆಯವರಿಗೆ ಆಗಿದೆ, ನಮ್ಮ ಕ್ರಿಕೆಟಿಗರಿಗೂ ಆಗಿದೆ.

ಮೊದಲು ಹೆಡ್‌ಫೋನ್ ಇಷ್ಟು ದೊಡ್ಡ ಜಗಳದ ವಸ್ತುವಾದದ್ದು ಹೇಗೆಂದು ನೋಡಬೇಕು. ವೃತ್ತಿಪರ ಆಟಗಾರನ ಜೆರ್ಸಿ ತಂಡಕ್ಕೆ ಸೇರಿದ್ದು, ಅವನ ಹೆಲ್ಮೆಟ್ ಮೇಲಿನ ಜಾಗ ಲೀಗ್‌ಗೆ ಸೇರಿದ್ದು, ಅವನ ಹಿಂದಿನ ಪರದೆಯ ಒಂದೊಂದು ಚೌಕವೂ ಯಾರಿಗೋ ಮಾರಾಟವಾಗಿರುವಂಥದ್ದು. ಆದರೆ ಬಸ್ಸಿನಿಂದಿಳಿದು ಡ್ರೆಸ್ಸಿಂಗ್ ರೂಮಿಗೆ ನಡೆಯುವ ಆ ಕೆಲವು ನಿಮಿಷಗಳಲ್ಲಿ ಅವನ ಮೈಮೇಲೆ ಸ್ವಂತದ್ದೆಂದು ಎದ್ದು ಕಾಣುವ ವಸ್ತು ಹೆಡ್‌ಫೋನ್ ಒಂದೇ, ಮತ್ತು ಕ್ಯಾಮೆರಾ ಆ ಹೊತ್ತಿನಲ್ಲಿ ಅವನ ಮುಖವನ್ನೇ ಹಿಡಿದಿರುತ್ತದೆ. ಈ ಸಂದಿಯನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡದ್ದು ರ‍್ಯಾಪ್ ಗಾಯಕ ಡಾ. ಡ್ರೆ ಮತ್ತು ಸಂಗೀತ ನಿರ್ಮಾಪಕ ಜಿಮ್ಮಿ ಅಯೋವಿನ್ 2006ರಲ್ಲಿ ಕಟ್ಟಿದ ಬೀಟ್ಸ್. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೊರಟ ಅಮೆರಿಕದ ಬಾಸ್ಕೆಟ್‌ಬಾಲ್ ತಂಡದ ಆಟಗಾರರಿಗೆ ಲೆಬ್ರಾನ್ ಜೇಮ್ಸ್ ಈ ಹೆಡ್‌ಫೋನ್‌ಗಳನ್ನು ಹಂಚಿದರು, ಅವರೆಲ್ಲ ಅವನ್ನು ಹಾಕಿಕೊಂಡೇ ಚೀನಾದಲ್ಲಿ ಇಳಿದರು. ಒಲಿಂಪಿಕ್ಸ್ ಪ್ರಾಯೋಜಕತ್ವಕ್ಕೆ ಒಂದು ಡಾಲರನ್ನೂ ಕೊಡದ ಕಂಪನಿಯೊಂದಕ್ಕೆ ಅದಕ್ಕಿಂತ ಒಳ್ಳೆಯ ಜಾಹೀರಾತು ಸಿಗುವುದು ಸಾಧ್ಯವಿರಲಿಲ್ಲ.

ಬೋಸ್‌ನ ದಾರಿ ಇದಕ್ಕೆ ತದ್ವಿರುದ್ಧವಾದದ್ದು. ಬಂಗಾಳದಿಂದ ಅಮೆರಿಕಕ್ಕೆ ಹೋದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗನಾದ ಅಮರ್ ಬೋಸ್, ಎಂಐಟಿಯಲ್ಲಿ ಪಾಠ ಹೇಳುತ್ತಲೇ 1964ರಲ್ಲಿ ಕಟ್ಟಿದ ಕಂಪನಿ ಅದು. 1978ರಲ್ಲಿ ಜ್ಯೂರಿಕ್‌ನಿಂದ ಮರಳುವ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದೇ ಹೆಚ್ಚು ಕೇಳಿಸಿತೆಂದು, ಸದ್ದನ್ನು ಸದ್ದಿನಿಂದಲೇ ಅಳಿಸುವ ಲೆಕ್ಕಾಚಾರವನ್ನು ಅಲ್ಲೇ ಕುಳಿತು ಶುರು ಮಾಡಿದವರು ಅವರು. ಇಂಥ ಪ್ರಯೋಗಾಲಯದ ಕಂಪನಿ, ಅಂಗಡಿಯಲ್ಲಿ ಹುಡುಗರೆಲ್ಲ ಬೀಟ್ಸ್ ಕೇಳುತ್ತಿದ್ದಾರೆಂದು ಗೊತ್ತಾದಾಗ, ಒಬ್ಬೊಬ್ಬ ಆಟಗಾರನನ್ನು ಒಲಿಸಿಕೊಳ್ಳುವ ಬದಲು ಲೀಗ್ ಜೊತೆಗೇ ಒಪ್ಪಂದಕ್ಕೆ ಹೋಯಿತು. ಹಿಂದೆ ಮೊಟೊರೊಲಾ ಹೆಸರಿದ್ದ ತರಬೇತುದಾರರ ಹೆಡ್‌ಸೆಟ್ ಮೇಲೆ 2014ರಿಂದ ಬೋಸ್ ಹೆಸರು ಬಂತು. ಅದೇ ಜುಲೈನಲ್ಲಿ ಬೋಸ್ ಸದ್ದು ಅಳಿಸುವ ತಂತ್ರಜ್ಞಾನದ ಪೇಟೆಂಟ್‌ಗಳ ಬಗ್ಗೆ ಬೀಟ್ಸ್ ಮೇಲೆ ದಾವೆ ಹೂಡಿತು; ಅಷ್ಟು ಹೊತ್ತಿಗೆ ಆ್ಯಪಲ್ 300 ಕೋಟಿ ಡಾಲರಿಗೆ ಬೀಟ್ಸ್ ಖರೀದಿಯನ್ನು ಘೋಷಿಸಿಯಾಗಿತ್ತು. ಅಕ್ಟೋಬರಿನಲ್ಲಿ ದಾವೆ ರಾಜಿಯಲ್ಲಿ ಮುಗಿಯಿತು. ಆದರೂ ಆ ತಿಂಗಳೇ ಆ್ಯಪಲ್ ಅಂಗಡಿಗಳ ಕಪಾಟಿನಿಂದ ಬೋಸ್ ಸಾಮಾನುಗಳು ಮಾಯವಾಗಿ, ಡಿಸೆಂಬರಿನಲ್ಲಿ ಸದ್ದಿಲ್ಲದೆ ಮರಳಿದವು. ಕೇಪರ್ನಿಕ್ ಅವರಿಗೆ ದಂಡ ಬಿದ್ದದ್ದು ಈ ಗಲಾಟೆಯ ನಡುಮಧ್ಯದಲ್ಲಿ.

ನಿಯಮ ಎಷ್ಟು ದೂರ ಕೈಚಾಚಿತ್ತು ಎಂಬುದನ್ನು ಗಮನಿಸಬೇಕು. ತರಬೇತಿ ಶಿಬಿರ ಮತ್ತು ಅಭ್ಯಾಸದ ವೇಳೆಯ ಟಿವಿ ಸಂದರ್ಶನಗಳಲ್ಲಿ, ಪಂದ್ಯದ ದಿನ ಆಟ ಶುರುವಾಗುವುದಕ್ಕೆ 90 ನಿಮಿಷ ಮೊದಲಿನಿಂದ ಮುಗಿದ ಮೇಲೆ 90 ನಿಮಿಷದವರೆಗೆ, ಆಟಗಾರ ಕ್ಯಾಮೆರಾ ಮುಂದೆ ಪ್ರತಿಸ್ಪರ್ಧಿ ಕಂಪನಿಯ ಹೆಡ್‌ಫೋನ್ ತೊಡುವಂತಿರಲಿಲ್ಲ. ಮೈದಾನದಲ್ಲಿ ಮತ್ತು ಸಂದರ್ಶನಗಳಲ್ಲಿ ಅನುಮತಿಯಿಲ್ಲದ ಬ್ರ್ಯಾಂಡ್‌ಗಳನ್ನು ತೋರಿಸಬಾರದೆಂಬುದು 1990ರ ದಶಕದ ಆರಂಭದಿಂದಲೂ ಇರುವ ನಿಯಮ, ಬೋಸ್‌ಗಾಗಿ ಹೊಸದಾಗಿ ಮಾಡಿದ್ದಲ್ಲ ಎಂದು ಲೀಗ್ ಸಮಜಾಯಿಷಿ ಕೊಟ್ಟಿತು. ಅದು ನಿಜವೇ. 2007ರ ಸೂಪರ್ ಬೌಲ್‌ಗೆ (ಲೀಗ್‌ನ ಅಂತಿಮ ಪಂದ್ಯ) ಮುಂಚಿನ ಮಾಧ್ಯಮ ದಿನದಂದು ವಿಟಮಿನ್‌ವಾಟರ್ ಹೆಸರಿನ ಟೋಪಿ ಹಾಕಿದ್ದಕ್ಕೆ ಚಿಕಾಗೊ ಬೇರ್ಸ್ ತಂಡದ ಬ್ರಯಾನ್ ಅರ್ಲ್ಯಾಕರ್ 1,00,000 ಡಾಲರ್ ದಂಡ ತೆತ್ತಿದ್ದರು. ಲೀಗ್‌ನ ಅಧಿಕೃತ ಪಾನೀಯ ಗೇಟರೇಡ್ ಆಗಿತ್ತು.

ಇನ್ನು ದಂಡದಿಂದ ಆದ ಪರಿಣಾಮ. ಅದೇ ವರ್ಷ ಆರು ವರ್ಷಗಳಿಗೆ 12.6 ಕೋಟಿ ಡಾಲರ್‌ವರೆಗೆ ಬೆಲೆಬಾಳಬಹುದಾದ ಒಪ್ಪಂದಕ್ಕೆ ಸಹಿ ಹಾಕಿದ್ದ ಆಟಗಾರನಿಗೆ 10,000 ಡಾಲರ್ ಏನೇನೂ ಅಲ್ಲ. ಬೀಟ್ಸ್‌ಗಂತೂ ಅದಕ್ಕಿಂತ ಅಗ್ಗದ ಪ್ರಚಾರ ಬೇರೆಲ್ಲೂ ಸಿಗುತ್ತಿರಲಿಲ್ಲ, ಏಕೆಂದರೆ ದಂಡದ ಸುದ್ದಿ ಕ್ರೀಡಾಪುಟಗಳನ್ನು ದಾಟಿ ವ್ಯಾಪಾರದ ಪುಟಗಳಿಗೂ ಹರಡಿತು. ಮುಂದಿನ ಪಂದ್ಯಕ್ಕೆ ಸೇಂಟ್ ಲೂಯಿಸ್‌ಗೆ ಹೋದಾಗ ಕೇಪರ್ನಿಕ್ ಅದೇ ಬೀಟ್ಸ್ ಹಾಕಿಕೊಂಡು, ಗುರುತಿನ ಮೇಲೆ ಟೇಪ್ ಅಂಟಿಸಿ ಬಂದರು. ಟೇಪಿನ ಕೆಳಗೆ ಏನಿದೆಯೆಂದು ನೋಡಿದವರಿಗೆಲ್ಲ ಗೊತ್ತಿತ್ತು. ಅತ್ತ ಸಿಯಾಟಲ್ ಸೀಹಾಕ್ಸ್‌ನ ರಿಚರ್ಡ್ ಶೆರ್ಮನ್, ಅವರೂ ಬೀಟ್ಸ್ ರಾಯಭಾರಿಯೇ, ನವೆಂಬರಿನಲ್ಲಿ ಸಹ ಆಟಗಾರ ಡಗ್ ಬಾಲ್ಡ್ವಿನ್‌ರ ರಟ್ಟಿನ ಪ್ರತಿಕೃತಿಯನ್ನು ಪತ್ರಿಕಾಗೋಷ್ಠಿಗೆ ತಂದು ನಿಲ್ಲಿಸಿ, ಅದರ ಹಿಂದೆ ಬಗ್ಗಿ ಕುಳಿತಿದ್ದ ಬಾಲ್ಡ್ವಿನ್ ಜೊತೆ ಲೀಗ್‌ನ ಇಬ್ಬಂದಿತನದ ಬಗ್ಗೆ ಸಂಭಾಷಣೆ ನಡೆಸಿದರು. ಕಚೇರಿಯಲ್ಲಿ ಕುಳಿತು ನಿಯಮ ಬರೆದವರಿಗಿಂತ ಆಟಗಾರರ ಹಾಸ್ಯಪ್ರಜ್ಞೆ ಚುರುಕಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಎನ್‌ಎಫ್‌ಎಲ್ ವಿಷಯದಲ್ಲಿ ನಾನು ಆಟಗಾರರ ಪರವಾಗಿ ಪೂರ್ತಿ ನಿಲ್ಲಲಾರೆ. ಅಲ್ಲಿನ ಆಟಗಾರರಿಗೆ ಸಂಘವಿದೆ. ಅದು ಲೀಗ್ ಜೊತೆ 2011ರಲ್ಲಿ ಮಾಡಿಕೊಂಡಿದ್ದ ಸಾಮೂಹಿಕ ಒಪ್ಪಂದದ ಪ್ರಕಾರ ಪ್ರಸಾರದ ಆದಾಯದಲ್ಲಿ ಶೇ. 55, ಪ್ರಾಯೋಜಕತ್ವ ಮೊದಲಾದವು ಸೇರುವ ಲೀಗ್ ವ್ಯವಹಾರಗಳ ಆದಾಯದಲ್ಲಿ ಶೇ. 45, ಸ್ಥಳೀಯ ಆದಾಯದಲ್ಲಿ ಶೇ. 40 ಆಟಗಾರರ ಪಾಲಿಗೆ ಬರುತ್ತಿತ್ತು. ಅಂದರೆ ಬೋಸ್ ಕೊಟ್ಟ ಪ್ರತಿ ನೂರು ಡಾಲರಿನಲ್ಲಿ ಸುಮಾರು 45 ಡಾಲರ್ ವೇತನ ಮಿತಿಯ (ತಂಡವೊಂದು ಆಟಗಾರರಿಗೆ ಕೊಡಬಹುದಾದ ಒಟ್ಟು ಸಂಬಳದ ಮಿತಿ) ಲೆಕ್ಕದೊಳಗೆ ಹರಿದು, ಯಾವ ಜಾಹೀರಾತಿಗೂ ಯಾರೂ ಕರೆಯದ ಮೀಸಲು ಆಟಗಾರನ ಸಂಬಳಕ್ಕೂ ಸೇರುತ್ತಿತ್ತು. ತಾರಾ ಆಟಗಾರರು ತಮ್ಮ ಸ್ವಂತ ಒಪ್ಪಂದದ ಹೆಡ್‌ಫೋನ್ ಹಾಕಿ ಬೋಸ್‌ನ ಏಕಸ್ವಾಮ್ಯವನ್ನು ಮುಕ್ಕಾಗಿಸಿದರೆ, ಮುಂದಿನ ಸಲ ಲೀಗ್‌ಗೆ ಸಿಗುವ ಬೆಲೆ ಇಳಿಯುತ್ತದೆ, ಆ ನಷ್ಟದಲ್ಲಿ ಹೆಸರಿಲ್ಲದ ಆಟಗಾರನೂ ಪಾಲುದಾರನಾಗುತ್ತಾನೆ. ಊರಿನ ಕೆರೆಯ ನೀರನ್ನು ಎಲ್ಲರಿಗೂ ಸರದಿಯಲ್ಲಿ ಬಿಡಬೇಕೆಂದು ತೀರ್ಮಾನವಾದ ಮೇಲೆ ದೊಡ್ಡ ಹಿಡುವಳಿದಾರನೊಬ್ಬ ರಾತ್ರೋರಾತ್ರಿ ತನ್ನ ಗದ್ದೆಗೆ ಮಡೆ ಕಡಿದುಕೊಂಡಂತೆ ಅದು. ಅವಧಿ ಹೆಚ್ಚಾಯಿತು, ಅಭ್ಯಾಸ ಶಿಬಿರಕ್ಕೂ ನಿಯಮ ಹಚ್ಚಿದ್ದು ಅತಿಯಾಯಿತು ಎಂದು ವಾದಿಸಬಹುದು. ಆದರೆ ಹಾಗೆ ವಾದಿಸಲು ಅವರಿಗೊಂದು ವೇದಿಕೆಯಿತ್ತು.

ಲೀಗ್ ತನ್ನ ನಿಯಮವನ್ನು ಘನತೆಯ ಮಾತಿನಲ್ಲಿ ಸುತ್ತಿಕೊಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. 2016ರಲ್ಲಿ ಸೂಪರ್ ಬೌಲ್ 50 ಗೆದ್ದ ಕೂಡಲೇ, ಗೆದ್ದ ತಂಡದ ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಟಿವಿ ಕ್ಯಾಮೆರಾ ಮುಂದೆಯೇ, ಈ ರಾತ್ರಿ ಬೇಕಾದಷ್ಟು ಬಡ್‌ವೈಸರ್ ಕುಡಿಯುವೆನೆಂದು ಒಮ್ಮೆಯಲ್ಲ, ಎರಡು ಸಲ ಹೇಳಿದರು. ಆಟಗಾರರು ಮದ್ಯದ ಪ್ರಚಾರ ಮಾಡಬಾರದೆಂಬ ನಿಯಮ ಆಗ ಲೀಗ್‌ನಲ್ಲಿಯೇ ಇತ್ತು. ತಾವು ಇದಕ್ಕಾಗಿ ಹಣ ಕೊಟ್ಟಿಲ್ಲವೆಂದು ಬಿಯರ್ ಕಂಪನಿ ಹೇಳಿತು, ದಂಡವೂ ಬೀಳಲಿಲ್ಲ. ಆ ಬಿಯರ್ ಲೀಗ್‌ನ ಪ್ರಾಯೋಜಕನದೇ ಮನೆಯ ಸರಕು ಎಂಬುದನ್ನು ಮರೆಯುವುದು ಕಷ್ಟ.

ಫುಟ್‌ಬಾಲ್ ವಿಶ್ವಕಪ್‌ನಲ್ಲಿ ನಡೆದದ್ದು ಬೇಗ ಹೇಳಿ ಮುಗಿಸುವಂಥದ್ದು. 2014ರಲ್ಲಿ ಬ್ರೆಜಿಲ್‌ನಲ್ಲಿ ಫಿಫಾದ ಪಾಲುದಾರ ಸೋನಿ. ಪ್ರತಿ ಆಟಗಾರನಿಗೂ ಸೋನಿ ಹೆಡ್‌ಫೋನ್ ಪುಕ್ಕಟೆ ಸಿಕ್ಕಿತು, ಕ್ರೀಡಾಂಗಣದೊಳಗೆ ಬೀಟ್ಸ್ ನಿಷಿದ್ಧವಾಯಿತು. ಬೀಟ್ಸ್ ಮಾತ್ರ ಟೂರ್ನಿ ಶುರುವಾಗುವ ಹೊತ್ತಿಗೇ ನೇಮಾರ್ ಮತ್ತು ಅವರ ತಂದೆಯ ಮಾತುಕತೆಯಿದ್ದ ಐದು ನಿಮಿಷದ ಜಾಹೀರಾತು ಚಿತ್ರವನ್ನು ಬಿಟ್ಟು ಕೋಟಿಗಟ್ಟಲೆ ಜನರನ್ನು ತಲುಪಿತು. ಆ ವರ್ಷದ ಕೊನೆಗೆ ಸೋನಿ ಫಿಫಾದಿಂದ ಹೊರನಡೆಯಿತು.

ಒಲಿಂಪಿಕ್ಸ್ ಕಥೆ ಬೇರೆ, ನನಗೆ ನಿಜವಾದ ಸಿಟ್ಟು ಬರುವುದು ಅಲ್ಲಿ. 2012ರ ಲಂಡನ್‌ನಲ್ಲಿ ಆಡಿಯೊ ವಿಭಾಗದ ಅಧಿಕೃತ ಪ್ರಾಯೋಜಕ ಪ್ಯಾನಸೋನಿಕ್. ಬೀಟ್ಸ್ ಬ್ರಿಟನ್ನಿನ ಧ್ವಜದ ಬಣ್ಣಗಳಿದ್ದ ವಿಶೇಷ ಹೆಡ್‌ಫೋನ್‌ಗಳನ್ನು ಕ್ರೀಡಾಪಟುಗಳಿಗೆ ಕಳುಹಿಸಿತು, ಈಜುಕೊಳದ ಬದಿಯಲ್ಲಿ ಬೀಟ್ಸ್ ಮತ್ತೆ ಮತ್ತೆ ಕಾಣಿಸಿತು. ಟೆನಿಸ್ ಆಟಗಾರ್ತಿ ಲಾರಾ ರಾಬ್ಸನ್ ಅದರ ಬಗ್ಗೆ ಖುಷಿಯಿಂದ ಟ್ವೀಟ್ ಮಾಡಿ ಆಮೇಲೆ ಅಳಿಸಿದರು. ಅವರನ್ನು ಅಳುಕಿಸಿದ್ದು ಒಲಿಂಪಿಕ್ ಸನ್ನದಿನ 40ನೇ ನಿಯಮ. ಜುಲೈ 18ರಿಂದ ಆಗಸ್ಟ್ 15ರವರೆಗೆ ಯಾವ ಕ್ರೀಡಾಪಟುವೂ ತನ್ನ ಹೆಸರು, ಚಿತ್ರ, ಸಾಧನೆಗಳನ್ನು ಅಧಿಕೃತರಲ್ಲದ ಪ್ರಾಯೋಜಕರ ಜಾಹೀರಾತಿಗೆ ಬಳಸಲು ಬಿಡಬಾರದೆಂದು ಅದು ಹೇಳುತ್ತಿತ್ತು. ನಾಲ್ಕು ವರ್ಷ ಎಲ್ಲೋ ಮೂಲೆಯಲ್ಲಿ ಬೆವರು ಸುರಿಸುವ ಓಟಗಾರ್ತಿಗೆ ಜಗತ್ತು ಕಣ್ಣೆತ್ತಿ ನೋಡುವುದು ಆ ಕೆಲವೇ ವಾರಗಳಲ್ಲಿ. ಅದೇ ವಾರಗಳಲ್ಲಿ, ಅವಳ ಬೂಟಿಗೂ ಊಟಕ್ಕೂ ದುಡ್ಡು ಕೊಟ್ಟ ಸಣ್ಣ ಪ್ರಾಯೋಜಕನಿಗೆ ಧನ್ಯವಾದ ಹೇಳುವಾಗಲೂ ಅವಳು ಹೆದರಬೇಕಿತ್ತು. ಆಡಿದ್ದಕ್ಕಾಗಿ ಒಲಿಂಪಿಕ್ ಸಮಿತಿ ಅವಳಿಗೆ ಸಂಬಳ ಕೊಡುವುದಿಲ್ಲ. ಆದಾಯದ ಬಹುಪಾಲನ್ನು ಕ್ರೀಡಾ ಸಂಸ್ಥೆಗಳಿಗೇ ಹಂಚುತ್ತೇವೆಂಬ ಸಮಿತಿಯ ಉತ್ತರದಲ್ಲಿ ಸುಳ್ಳಿಲ್ಲ, ಆದರೆ ಸಂಸ್ಥೆಗೆ ತಲುಪಿದ್ದೆಲ್ಲ ಓಟಗಾರ್ತಿಗೆ ತಲುಪಿತೆಂದು ತಿಳಿಯುವುದು ನಮ್ಮ ದೇಶದ ಕ್ರೀಡಾ ಒಕ್ಕೂಟಗಳನ್ನು ಬಲ್ಲ ಯಾರಿಗೂ ಸಾಧ್ಯವಿಲ್ಲ. ಲಂಡನ್‌ನಲ್ಲಿ 400 ಮೀಟರ್ ಓಟದ ಚಿನ್ನ ಗೆದ್ದ ಸಾನ್ಯಾ ರಿಚರ್ಡ್ಸ್-ರಾಸ್ ಮತ್ತಿತರರು ಈ ನಿಯಮದ ವಿರುದ್ಧ ಬಹಿರಂಗವಾಗಿಯೇ ದನಿಯೆತ್ತಿದರು. ರಿಯೊ ಕೂಟದ ಹೊತ್ತಿಗೆ ಸ್ವಲ್ಪ ಸಡಿಲಿಕೆ ಬಂತು. 2019ರ ಫೆಬ್ರುವರಿಯಲ್ಲಿ ಜರ್ಮನಿಯ ಸ್ಪರ್ಧಾ ನಿಯಂತ್ರಣ ಪ್ರಾಧಿಕಾರವು ಈ ನಿರ್ಬಂಧಗಳು ಅತಿಯಾದವು ಎಂದು ಹೇಳಿದ ಬಳಿಕ, ಅದೇ ವರ್ಷ ಸಮಿತಿ ನಿಯಮದ ಮಾತುಗಳನ್ನೇ ಬದಲಿಸಿ, ಷರತ್ತುಗಳೊಂದಿಗೆ ಅವಕಾಶ ಕೊಟ್ಟಿತು. ಅಂದರೆ ಕ್ರೀಡಾಪಟುಗಳು ಕೇಳಿದಾಗ ಹನಿಯಾಗಿ ಬಂದದ್ದು ಕಾನೂನು ಕದ ತಟ್ಟಿದ ಮೇಲೆ ಹರಿಯಿತು.

ನಮ್ಮಲ್ಲಿಗೆ ಬಂದರೆ, 1996ರ ಕ್ರಿಕೆಟ್ ವಿಶ್ವಕಪ್‌ಗೆ ಕೋಕ ಕೋಲಾ ಅಧಿಕೃತ ಪಾನೀಯವಾಗಿದ್ದಾಗ ಪೆಪ್ಸಿ ‘ನಥಿಂಗ್ ಅಫಿಷಿಯಲ್ ಅಬೌಟ್ ಇಟ್’ ಎಂದು ಅಣಕಿಸಿ ಜನಮನ ಗೆದ್ದದ್ದು ಆ ಕಾಲದಲ್ಲಿ ಟಿವಿ ನೋಡಿದವರಿಗೆಲ್ಲ ನೆನಪಿದೆ. ಅದರಿಂದ ಪಾಠ ಕಲಿತ ಐಸಿಸಿ, ತನ್ನ ಟೂರ್ನಿಗಳ ಹಕ್ಕುಗಳನ್ನು 2007ರವರೆಗೆ 55 ಕೋಟಿ ಡಾಲರಿಗೆ ಗ್ಲೋಬಲ್ ಕ್ರಿಕೆಟ್ ಕಾರ್ಪೊರೇಷನ್‌ಗೆ ಮಾರುವಾಗ ಬೇಲಿಯನ್ನು ಬಿಗಿ ಮಾಡಿತು. ಟೂರ್ನಿ ನಡೆಯುವಾಗಷ್ಟೇ ಅಲ್ಲ, ಅದಕ್ಕೆ 30 ದಿನ ಮೊದಲು ಮತ್ತು 30 ದಿನ ನಂತರ ಕೂಡ ಅಧಿಕೃತ ಪ್ರಾಯೋಜಕರ ಪ್ರತಿಸ್ಪರ್ಧಿಗಳ ಜಾಹೀರಾತಿನಲ್ಲಿ ಆಟಗಾರರು ಕಾಣಿಸಬಾರದು ಎಂಬ ಷರತ್ತು 2002ರಲ್ಲಿ ಆಟಗಾರರ ಮುಂದೆ ಬಂತು. ಭಾರತದ ಕ್ರಿಕೆಟ್ ಮಂಡಳಿ ಆಟಗಾರರನ್ನು ಕೇಳದೆಯೇ ಇದಕ್ಕೆ ಒಪ್ಪಿಕೊಂಡಿತ್ತು. ಆಟಗಾರರ ಸ್ವಂತ ಒಪ್ಪಂದಗಳು ಅದಕ್ಕೂ ಮೊದಲೇ ಆಗಿದ್ದವು. ನಮ್ಮ ದ್ರಾವಿಡ್, ಕುಂಬ್ಳೆ, ಶ್ರೀನಾಥ್ ಅವರೂ ಇದ್ದ 2003ರ ವಿಶ್ವಕಪ್ ತಂಡ ಹೊರಡುವ ಮುನ್ನ ತಿಂಗಳುಗಟ್ಟಲೆ ಹಗ್ಗಜಗ್ಗಾಟ ನಡೆದು, ಷರತ್ತುಗಳನ್ನು ತಿದ್ದಿದ ಮೇಲಷ್ಟೇ ಸಹಿ ಬಿತ್ತು. ಐಸಿಸಿ ಭಾರತಕ್ಕೆ ಸಲ್ಲಬೇಕಿದ್ದ ಹಣವನ್ನು ತಡೆಹಿಡಿಯಿತು. ಟೂರ್ನಿಯ ಆತಿಥೇಯ ದಕ್ಷಿಣ ಆಫ್ರಿಕ ಪ್ರಾಯೋಜಕರ ಏಕಸ್ವಾಮ್ಯ ಕಾಯಲು ಕಾನೂನನ್ನೇ ತಿದ್ದಿತ್ತು, ಸೆಂಚೂರಿಯನ್ ಮೈದಾನದಲ್ಲಿ ಕೋಕ ಕೋಲಾ ಕುಡಿದ ಪ್ರೇಕ್ಷಕನೊಬ್ಬನನ್ನು ಹೊರಗೆ ಕಳುಹಿಸಿದ ಸುದ್ದಿಯೂ ಬಂತು. ಈ ಸಲ ಅಧಿಕೃತ ಪಾನೀಯ ಪೆಪ್ಸಿ.

ಅಂದು ಆಟಗಾರರನ್ನು ದುರಾಸೆಯವರೆಂದು ಬೈದವರು ಬಹಳ ಮಂದಿ. ದೇಶಕ್ಕಾಗಿ ಆಡುವವರಿಗೆ ಜಾಹೀರಾತು ಏಕೆ ಎಂಬ ಮಾತನ್ನು, ಅದೇ ದೇಶದ ಆಟವನ್ನು ತಂಪು ಪಾನೀಯಕ್ಕೂ ಟಿವಿ ಕಂಪನಿಗೂ ಮಾರಿದ ಮಂಡಳಿಗಳಿಗೆ ಯಾರೂ ಕೇಳಲಿಲ್ಲ.

ಈಗ ಸ್ಥಿತಿ ಎಷ್ಟು ಬದಲಾಗಿದೆ? ಮಂಡಳಿಯ ಆದಾಯದಲ್ಲಿ ಶೇ. 26 ಆಟಗಾರರಿಗೆಂಬ ಸೂತ್ರ ಬಂದಿತು, ಅದು ಸಣ್ಣ ವಿಷಯವಲ್ಲ. ಆದರೆ ಹಾಲಿ ಆಟಗಾರರ ಸಂಘವೆಂಬುದು ಭಾರತೀಯ ಕ್ರಿಕೆಟ್‌ನಲ್ಲಿ ಇಂದಿಗೂ ಇಲ್ಲ. 2019ರಲ್ಲಿ ರಚನೆಯಾದ ಸಂಘ ನಿವೃತ್ತರದು. 2025ರ ಜನವರಿಯಲ್ಲಿ, ಆಸ್ಟ್ರೇಲಿಯಾದಲ್ಲಿ ಸರಣಿ ಸೋತು ಬಂದ ಬೆನ್ನಿಗೆ, ಮಂಡಳಿ ಹತ್ತು ಅಂಶಗಳ ಶಿಸ್ತಿನ ನಿಯಮಗಳನ್ನು ಹೊರಡಿಸಿತು. ಸರಣಿ ನಡೆಯುವಾಗ ಆಟಗಾರರು ಸ್ವಂತ ಜಾಹೀರಾತುಗಳ ಚಿತ್ರೀಕರಣಕ್ಕೆ ಹೋಗಬಾರದೆಂಬುದು ಅದರಲ್ಲೊಂದು, ಉಲ್ಲಂಘಿಸಿದವರನ್ನು ಐಪಿಎಲ್‌ನಿಂದಲೂ ದೂರವಿಡಬಹುದು. ನಿಯಮದಲ್ಲಿ ಹುರುಳಿಲ್ಲವೆಂದು ನಾನು ಹೇಳುತ್ತಿಲ್ಲ. ಸರಣಿಯ ನಡುವೆ ಚಿತ್ರೀಕರಣ ಬೇಡವೆಂಬುದು ನನಗೂ ಸರಿಯೆನಿಸುತ್ತದೆ. ಆದರೆ ಅದನ್ನು ಬರೆಯುವಾಗ ಆಟಗಾರರ ಪರವಾಗಿ ಕೂರಲು ಅಧಿಕೃತವಾಗಿ ಯಾರೂ ಇರಲಿಲ್ಲ. ನಮ್ಮ ಕೆ.ಎಲ್. ರಾಹುಲ್ ಬೋಟ್ ಕಂಪನಿಯ ಹೆಡ್‌ಫೋನ್ ಜಾಹೀರಾತುಗಳಲ್ಲಿ ಕಾಣಿಸಿಕೊಂಡವರು. ನಾಳೆ ಐಸಿಸಿಯೋ ಮಂಡಳಿಯೋ ಹೆಡ್‌ಫೋನ್ ವಿಭಾಗವನ್ನು ಇನ್ನೊಂದು ಕಂಪನಿಗೆ ಮಾರಿದರೆ, ಬಸ್ಸಿನಿಂದ ಇಳಿಯುವ ಅವರಂಥ ಆಟಗಾರರ ಕೊರಳಲ್ಲಿ ಏನಿರಬೇಕೆಂಬುದು ತೀರ್ಮಾನವಾಗುವುದು ಒಂದು ಸಭೆಯಲ್ಲಿ. ಅಂಥ ಸಭೆಗೆ ಕೇಪರ್ನಿಕ್ ಪರವಾಗಿ ಹೋಗುವವರಿದ್ದರು, ನಮ್ಮವರ ಪರವಾಗಿ ಹೋಗುವವರಿಲ್ಲ.